ಅವ್ವನಿಗೆ ಹೊಲಿದ ಬನಿಯನ್ ಚೂರುಗಳು

ಎಂಬತ್ತರ ದಶಕದ ಆರಂಭ. ಅವ್ವನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋದಾಗ ನಾನು ಹರಪನಹಳ್ಳಿಯಿಂದ ಕೊಟ್ಟೂರಿನ ತವರಿಗೆ ಬಂದು ನಿಂತೆ. ಅವಳನ್ನು ಎತ್ತಿ ಕೂರಿಸುವುದು, ಉಣಿಸುವುದು ನನಗೆ ಕಷ್ಟವಾಗಲಿಲ್ಲ. ಅವಳು ನೀರು ಕುಡಿಯುವುದನ್ನೇ ಬಿಟ್ಟಿದ್ದು ಕಷ್ಟವಾಯಿತು. ಕುಡಿದರೆ ಹಾಸಿಗೆ ಒದ್ದೆಯಾಗುತ್ತದೆ, ಮಗಳು ಒರೆಸಬೇಕಾಗುತ್ತದೆ ಎಂಬ ನಾಚಿಕೆ. ತುಟಿ ಒಡೆದಿದ್ದವು. ಲೋಟ ಹಿಡಿದರೆ ಮುಖ ತಿರುಗಿಸುತ್ತಿದ್ದಳು.

ಅವಳ ಹಳೆಯ ಸೀರೆಗಳನ್ನೇ ಹರಿದು ಒರೆಸುತ್ತಿದ್ದೆ. ಒಗೆದು ತಂತಿಗೆ ಹಾಕಿದರೆ ಓಣಿಯವರಿಗೆಲ್ಲ ಗುರುತು ಸಿಗುತ್ತಿತ್ತು. ಯಾರ ಸೀರೆ, ಯಾತಕ್ಕೆ ಹರಿದದ್ದು ಎಂದು ಯಾರೂ ಕೇಳಬೇಕಿರಲಿಲ್ಲ. ಆ ತಂತಿ ಅವ್ವನಿಗೆ ಮಲಗಿದಲ್ಲಿಂದಲೇ ಕಾಣುತ್ತಿತ್ತು.

ಎದುರಿನ ಗ್ಯಾರೇಜಿನ ಚಾಚಾ ಕೈಯ ಗ್ರೀಸ್ ಒರೆಸಿಕೊಳ್ಳಲು ಬನಿಯನ್ ಬಟ್ಟೆಯ ಚೂರುಗಳ ಗಂಟು ತರಿಸುತ್ತಿದ್ದರು. ಕೆಂಪು, ಹಳದಿ, ಬಿಳಿ. ಮುಟ್ಟಿದರೆ ಮೆತ್ತಗೆ. ಇವಾದರೆ ಯಾರದೆಂದು ಗುರುತು ಸಿಗದು ಎಂದುಕೊಂಡು, ಅವ್ವನನ್ನು ಒರೆಸಲು ಒಂದಿಷ್ಟು ಕೇಳಿದೆ.

"ತಗೋ ಬೇಟಿ. ಎಣ್ಣಿ ಹತ್ತಿಲ್ಲದ್ದು ನೋಡಿ ಆರಿಸ್ಕೋ" ಎಂದರು.

ಕುದಿಸಿ ಒಣಗಿಸಿ, ಅಂಗೈಗಿಂತ ತುಸು ದೊಡ್ಡದಾಗಿ ಕತ್ತರಿಸಿ, ಎರಡು ಪದರ ಸೇರಿಸಿ ಅವ್ವನ ಮಷೀನಿಗೆ ಕೊಟ್ಟೆ. ಓಣಿಯ ಹೆಣ್ಣುಮಕ್ಕಳ ರವಿಕೆಗಳನ್ನೆಲ್ಲ ಅವಳು ಹೊಲಿದದ್ದು ಅದರಲ್ಲೇ. ಅಂಚು ಸುರುಳಿ ಸುತ್ತಿಕೊಂಡಿತು. ನಾನು ಬಿಗಿಯಾಗಿ ಎಳೆದು ಹಿಡಿದು ಹೊಲಿದೆ. ಹೊರಬಂದದ್ದು ಕರಿದ ಹಪ್ಪಳದಂತೆ ಡೊಂಕುಡೊಂಕು.

ಅವ್ವ ಮಲಗಿದಲ್ಲಿಂದಲೇ ತೊದಲಿದಳು. "ಅದೇನು ಎತ್ತೇನು, ಹಗ್ಗ ಹಿಡಿದು ಜಗ್ಗಾಕ? ಕೆಳಗ ಪೇಪರ್ ಇಡು. ಕೈ ಬಿಡು. ಮಷೀನ ಒಯ್ತೈತಿ."

ಪೇಪರಿನ ತುಂಡು ಕೆಳಗಿಟ್ಟು ಕೈ ಸಡಿಲ ಬಿಟ್ಟೆ. ಹೊಲಿಗೆ ನೆಟ್ಟಗೆ ಬಂತು. ಕಾಗದ ಹರಿದು ತೆಗೆದು ಅವಳ ಕೈಗಿತ್ತೆ. ಆಡುವ ಕೈಯಿಂದ ಒಂದು ತುದಿ, ಹಲ್ಲಿನಿಂದ ಇನ್ನೊಂದು ತುದಿ ಹಿಡಿದು ಎಳೆದಳು. ದಾರ ಕಡಿಯಲಿಲ್ಲ.

"ಈಗ ಹೊಲಿಗಿ ಅನ್ನು" ಎಂದಳು.

ಕೆಲವು ದಿನಗಳ ನಂತರ ಪಕ್ಕದ ಮನೆಯ ಚಿಗವ್ವ ತಂತಿ ನೋಡಿಕೊಂಡೇ ಒಳಗೆ ಬಂದಳು. "ಏನಬೇ ಅಕ್ಕಾ, ಬಣ್ಣಬಣ್ಣದ್ದು ಹಾಕ್ಸೀದಿ? ಮೋಟ್ರು ಒರೆಸೋ ಬಟ್ಟಿ ಇದ್ದಂಗ ಅದಾವು."

ನಾನು ಏನೋ ಸುಳ್ಳು ಹುಡುಕುತ್ತಿದ್ದೆ. ಅವ್ವನೇ ಹೇಳಿದಳು. "ಹೂಂ, ಮೋಟ್ರು ಒರೆಸಾಕ."

"ಯಾವ ಮೋಟ್ರಬೇ?"

"ನಾನ ಅಲ್ಲೇನು. ಕೆಟ್ಟು ನಿಂತ ಮೋಟ್ರು. ಸೋರತೈತಿ."

ಚಿಗವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವ್ವ ಅರ್ಧ ಬಾಯಲ್ಲಿ ನಕ್ಕಳು. ನಗು ನಿಂತ ಮೇಲೆ ನನ್ನ ಕಡೆ ತಿರುಗಿ, "ಗಂಟಲಾ ಒಣಗೈತಿ. ನೀರು ಕೊಡು" ಎಂದಳು. ಲೋಟ ಖಾಲಿಯಾಯಿತು. ಇನ್ನೊಂದು ಕೇಳಿದಳು.

ಮುಂದಿನ ಬೇಸಿಗೆಯವರೆಗೆ ಇದ್ದಳು. ಅವಳಿಗಾಗಿ ನನ್ನಿಂದ ಆಗದೇ ಹೋದದ್ದು ಬಹಳವಿದೆ, ಅದನ್ನು ನೆನೆದು ಈಗಲೂ ಅಳುತ್ತೇನೆ. ಆದರೆ ಅವ್ವ ಬಾಯಾರಿ ಹೋಗಲಿಲ್ಲ. ಹೋದ ದಿನದ ಬೆಳಿಗ್ಗೆಯೂ ತಾನೇ ಕೇಳಿ ಮಜ್ಜಿಗೆ ಕುಡಿದಿದ್ದಳು.