ಕಾರಿನ ಮೂಗಿಗೆ ಐಸು

ನಮ್ಮ ಮನೆಯಲ್ಲಿ ಯಾರಿಗೆ ಏನೇ ಆದರೂ ಮೊದಲು ಕೇಳುವುದು ಒಂದೇ: ಉಷ್ಣವೋ, ಶೀತವೋ? ಕಣ್ಣು ಉರಿದರೆ ಉಷ್ಣ, ಬಾಯಲ್ಲಿ ಹುಣ್ಣಾದರೆ ಉಷ್ಣ, ಅತ್ತೆಗೆ ನನ್ನ ಮೇಲೆ ರೇಗಿದರೂ ಉಷ್ಣ. ನೆತ್ತಿಗೆ ಹರಳೆಣ್ಣೆ, ಹೊಟ್ಟೆಗೆ ಎಳನೀರು. ಇವೆರಡರಲ್ಲಿ ವಾಸಿಯಾಗದ್ದನ್ನು ದೇವರಿಗೆ ಬಿಟ್ಟುಬಿಡುತ್ತಿದ್ದೆವು. ಇಂಥ ಮನೆಗೆ ಒಂದು ಕಾರು ಬಂತು.

ಕಾರು ಎಂದರೆ ಏನೋ ಅಂದುಕೊಳ್ಳಬೇಡಿ. ಯಾರೋ ಚೆನ್ನಾಗಿ ದುಡಿಸಿಕೊಂಡು ಬಿಟ್ಟ ಹಳೇ ಟ್ಯಾಕ್ಸಿ. ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಯಜಮಾನರು ದಿನಾ ಬೆಳಿಗ್ಗೆ ಅದನ್ನು ಗುಬ್ಬಿಯಿಂದ ತುಮಕೂರಿನ ಟ್ಯಾಕ್ಸಿ ಸ್ಟ್ಯಾಂಡಿಗೆ ಓಡಿಸಿಕೊಂಡು ಹೋಗುತ್ತಿದ್ದರು. ಅಲ್ಲಿ ಸರದಿ ಪದ್ಧತಿ. ನಿಮ್ಮ ಸರದಿ ಬಂದಾಗ ಪಾರ್ಟಿ ಎಲ್ಲಿಗೆ ಕರೆದರೂ ಹೋಗಬೇಕು, ಕೋರಕ್ಕಾಗಲಿ, ಕುಣಿಗಲ್ಲಿಗಾಗಲಿ, ದೇವರಾಯನದುರ್ಗದ ಬೆಟ್ಟಕ್ಕಾಗಲಿ. ಆಗಲ್ಲ ಅಂದರೆ ಮೊದಲ ಸಲ ಯಾರೂ ಮಾತಾಡುವುದಿಲ್ಲ, ಎರಡನೇ ಸಲ ನಗುತ್ತಾರೆ, ಮೂರನೇ ಸಲ ಸ್ಟ್ಯಾಂಡಿನಿಂದ ಗಾಡಿ ಎತ್ತಬೇಕು. ಎಲ್ಲೂ ಬರೆದಿಟ್ಟ ರೂಲ್ಸಲ್ಲ, ಆದರೂ ಮೀರಿದವರನ್ನು ನಾನು ಕಾಣೆ.

ಆ ಬೇಸಿಗೆಯಲ್ಲಿ ನಮ್ಮವರು ಎರಡು ಸಲ ದುರ್ಗದ ಪಾರ್ಟಿ ಬಿಟ್ಟಿದ್ದರು. ಮಟ್ಟಸ ರಸ್ತೆಯಲ್ಲಿ ಹೇಗೋ ಓಡುತ್ತಿದ್ದ ಗಾಡಿ ಬೆಟ್ಟದ ಏರಿಗೆ ಮೂತಿ ಎತ್ತಿದರೆ ಸಾಕು, ಕಾದು ಬುಸುಗುಟ್ಟಿ ನಿಂತುಬಿಡುತ್ತಿತ್ತು. ಇನ್ನೊಂದು ಸಲ ಬಿಟ್ಟರೆ ಸ್ಟ್ಯಾಂಡೂ ಇಲ್ಲ, ನಮಗೆ ಅನ್ನವೂ ಇಲ್ಲ. ಸಂಜೆ ಮನೆಗೆ ಬಂದವರು ತಟ್ಟೆಯ ಮುಂದೆ ಕೂತು ಮುದ್ದೆ ಮುರಿಯುವುದನ್ನೇ ಮರೆಯುತ್ತಿದ್ದರು. ನೋಡಿ ನೋಡಿ ನನಗೂ ಸುಸ್ತಾಗಿತ್ತು.

ನಾನೂ ನನ್ನ ಕೈಲಾದದ್ದು ಮಾಡುತ್ತಿದ್ದೆ. ಅದಕ್ಕೆ ಒಂದು ವರ್ಷದ ಹಿಂದೆ, ಚೇಳೂರಿನ ನನ್ನ ತವರಿಂದ ಬರುವಾಗ ದಾರಿಯಲ್ಲಿ ರೇಡಿಯೇಟರಿನ ನೀರು ಬತ್ತಿಹೋಗಿತ್ತು. ಸುತ್ತ ಒಂದು ಬಾವಿಯಿಲ್ಲ. ಡಿಕ್ಕಿಯಲ್ಲಿ ತವರಿನ ಎಳನೀರಿತ್ತು. ಬೇರೆ ದಾರಿಯಿಲ್ಲದೆ ನಮ್ಮವರೇ ಎರಡು ಕೆತ್ತಿ ಹುಯ್ದರು. ಗಾಡಿ ಗುಬ್ಬಿ ಮುಟ್ಟಿತು. ಅವರು ಮಾರನೆಯ ದಿನವೇ ಅದನ್ನು ಮರೆತರು. ನಾನು ಮರೆಯಲಿಲ್ಲ. ಮನುಷ್ಯರಿಗೆ ತಂಪಾದದ್ದು ಗಾಡಿಗೂ ತಂಪು ತಾನೆ? ಮಂಗಳವಾರ, ಶುಕ್ರವಾರ ಗಾಡಿ ತೊಳೆದು ಕುಂಕುಮ ಇಡುವಾಗ ಒಂದು ಎಳನೀರನ್ನು ರೇಡಿಯೇಟರಿಗೆ ಹುಯ್ಯತೊಡಗಿದೆ. ಅತ್ತೆಗೆಂದು ಬಂದದ್ದು ಕಾರಿನ ಪಾಲಾಗುತ್ತಿದೆ ಎಂದು ಗೊತ್ತಾಗಿದ್ದರೆ ಮನೆಯಲ್ಲಿ ರಾಮಾಯಣವೇ ಆಗುತ್ತಿತ್ತು, ಅದಕ್ಕೇ ಕದ್ದು ಹುಯ್ಯುತ್ತಿದ್ದೆ.

ನಮ್ಮವರ ಯೋಚನೆ ಬೇರೆ ಕಡೆ ಹರಿದಿತ್ತು. ಮುಂಜಾನೆ ಚಳಿಯಲ್ಲಿ ಗಾಡಿ ಚೆನ್ನಾಗಿ ಎಳೆಯುತ್ತದೆ, ಮಧ್ಯಾಹ್ನ ಎಳೆಯುವುದಿಲ್ಲ. ಅಂದಮೇಲೆ ಇಂಜಿನ್ ಉಸಿರಾಡುವ ಗಾಳಿ ತಣ್ಣಗಿರಬೇಕು ಎಂದು ಲೆಕ್ಕ ಹಾಕಿದರು. ಒಬ್ಬ ಲಾರಿ ಮೆಕ್ಯಾನಿಕ್ ಹೌದು ಅಂದನಂತೆ. ಶುರುವಾಯಿತು ನೋಡಿ! ಹಿಟ್ಟಿನ ಡಬ್ಬ ಕಾಣೆ. ಹಾಲಿನ ಕ್ಯಾನ್ ಕಾಣೆ. ಹೋಗಿ ನೋಡಿದರೆ ಅಂಗಳದಲ್ಲಿ ಕ್ಯಾನಿನ ತಳ ಕತ್ತರಿಸಿ ಕೂತಿದ್ದಾರೆ.

"ರೀ, ನಾಳೆ ಹಾಲು ಯಾತರಲ್ಲಿ ತರ್ಲಿ? ಸೆರಗಲ್ಲಾ?"

"ಸುಮ್ನಿರೇ. ಇದು ಕಾರಿನ ಮೂಗು ಕಣೇ," ಎಂದರು, ತಲೆ ಎತ್ತದೆ.

ಡಬ್ಬದ ಎರಡು ಪಕ್ಕಕ್ಕೂ ತೂತು ಕೊರೆದು, ತಳವಿಲ್ಲದ ಕ್ಯಾನನ್ನು ಅದರೊಳಗೆ ಅಡ್ಡಲಾಗಿ ತೂರಿಸಿ, ಸಂದು ಬೆಸೆಸಿಕೊಂಡು ಬಂದರು. ಕ್ಯಾನಿನ ಸುತ್ತ ಐಸು ತುಂಬುವುದು, ಕ್ಯಾನಿನೊಳಗೆ ಗಾಳಿ ಹಾಯುವುದು. ಅಲ್ಲಿಂದ ಕಾರ್ಬುರೇಟರಿನ ಬಾಯಿಗೆ ಹಳೇ ಲಾರಿ ಟ್ಯೂಬಿನ ತುಂಡು. ಧೂಳು ಹೋಗದಂತೆ ಮುಂದಿನ ಬಾಯಿಗೆ ನನ್ನ ಮದುವೆಯ ವಾಯಿಲ್ ಸೀರೆ, ಅದೂ ಹೇಳದೆ ಕೇಳದೆ ಹರಿದದ್ದು. ಡಬ್ಬದ ಹೊರಗೆ ಗೋಣಿಚೀಲ ಸುತ್ತಿ, ಬಂಪರಿಗೆ ತೆಂಗಿನ ಹಗ್ಗದಲ್ಲಿ ಬಿಗಿದರು. ತುಮಕೂರಿನ ಐಸ್ ಕ್ಯಾಂಡಿ ಮಾಡುವವರ ಹತ್ತಿರ ಐಸಿನ ಗಟ್ಟಿ ತಂದು, ಒಡೆದು ತುಂಬಿದರು. ಅತ್ತೆ ಜಗಲಿಯಿಂದ ನೋಡಿ, "ಶೀತ ಆಗಿ ಕೆಮ್ಮು ಗಿಮ್ಮು ಹತ್ಕೊಂಡಾತು, ವಸಿ ನೋಡ್ಕಳಲಾ," ಎಂದರು.

ಕುಣಿಗಲ್ ರಸ್ತೆಯಲ್ಲಿ ಟ್ರಯಲ್ ನೋಡಿದೆವು. ಐಸು ಕರಗಿದಂತೆ ತುಂಬಲು ಒಬ್ಬರು ಬೇಕೆಂದು ಐಸಿನ ಮೂಟೆಯ ಜೊತೆ ನನ್ನನ್ನೂ ಮುಂದಿನ ಸೀಟಿನಲ್ಲಿ ಕೂರಿಸಿದ್ದರು. ಸತ್ಯ ಹೇಳಬೇಕು, ಸ್ವಲ್ಪ ದೂರ ಗಾಡಿ ಜಿಗಿದುಕೊಂಡೇ ಹೋಯಿತು. "ಎಳೀತದೆ ಕಣೇ! ನೋಡ್ದಾ, ಎಳೀತದೆ!" ಎಂದು ಸ್ಟೀರಿಂಗ್ ಬಡಿದು ಕೂಗಿದರು. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ನಗು ಕಂಡೆ. ಹಾಲಿನ ಕ್ಯಾನ್ ಹಾಳಾಗಿ ಹೋಗಲಿ ಅನ್ನಿಸಿತು.

ವಾರದೊಳಗೆ ದುರ್ಗದ ಪಾರ್ಟಿ ಬಂತು. ಮಗುವಿನ ಮುಡಿ ಕೊಡಲು ಹೊರಟ ಕುಟುಂಬ. ನಾಳೆ ನಿಮ್ಮದೇ ಸರದಿ ಎಂದು ಸ್ಟ್ಯಾಂಡಿನವರು ಹಿಂದಿನ ದಿನವೇ ಹೇಳಿ ಕಳಿಸಿದ್ದರು, ಬೇಕೆಂದೇ. ನಾನು ಬೆಳಿಗ್ಗೆ ಎದ್ದವಳೇ ಒಂದಲ್ಲ, ಮೂರು ಎಳನೀರು ಹುಯ್ದು, ಕುಂಕುಮ ಇಟ್ಟು, ನಮ್ಮವರ ಮಾನ ಉಳಿಸಪ್ಪ ಎಂದು ಕೈಮುಗಿದೆ. ಸ್ಟ್ಯಾಂಡಿನಲ್ಲಿ ಎಲ್ಲರೂ ಡಬ್ಬ ನೋಡಿ ನಕ್ಕರು. "ಏನ್ಲಾ, ಗಾಡಿಗೆ ಐಸ್ ಕ್ಯಾಂಡಿ ತಿನ್ನಿಸ್ತಿದೀಯಾ?" ನಮ್ಮವರು ಐಸಿನ ಮೂಟೆಯ ಜೊತೆ ನನ್ನನ್ನೂ ಮುಂದೆ ಕೂರಿಸಿಕೊಂಡು ಸ್ಟಾರ್ಟ್ ಮಾಡಿದರು.

ಬೆಟ್ಟದ ಬುಡದಲ್ಲಿ ನಿಲ್ಲಿಸಿ ಐಸು ತುಂಬಿದೆ. ಮೊದಲ ತಿರುವು ದಾಟಿತು. ಎರಡನೆಯದರಲ್ಲಿ ಬಾನೆಟ್ಟಿನ ಸಂದಿಯಿಂದ ಹೊಗೆ ಎದ್ದಿತು, ರೇಡಿಯೇಟರಿನ ಮುಚ್ಚಳ ಹಾರಿತು, ಗಾಡಿ ನಿಂತಿತು. ಎಲ್ಲರೂ ದಡಬಡನೆ ಇಳಿದೆವು. ಮಗುವನ್ನು ಎತ್ತಿಕೊಂಡಿದ್ದ ಅಜ್ಜಿ ಮೂಗರಳಿಸಿ, "ಯಾರವ್ವಾ ಇಲ್ಲಿ ಪಾಯ್ಸ ಸೀಸವ್ರೆ?" ಅಂದಳು.

ಹೌದು, ಬೆಲ್ಲ ಸೀದ ವಾಸನೆ. ಕಾಯಿಹಾಲು ತಳ ಹಿಡಿದ ವಾಸನೆ. ಕಾದ ರೇಡಿಯೇಟರಿನ ಬಾಯಿಂದ ಕಂದು ಬಣ್ಣದ ಅಂಟು ನೊರೆ ನೊರೆಯಾಗಿ ಇಳಿಯುತ್ತಿತ್ತು. ವರ್ಷವಿಡೀ ನಾನು ಹುಯ್ದದ್ದು ಒಳಗೇ ಕಾದು, ಪಾಕವಾಗಿ, ನೀರು ಹರಿಯುವ ಸಂದುಗಳನ್ನೆಲ್ಲ ಮುಚ್ಚಿಬಿಟ್ಟಿತ್ತು. ಗಾಡಿಗೆ ಉಷ್ಣ ಹತ್ತಿಸಿದವಳು ನಾನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಪಾಪ, ಅವರು ಗಾಳಿಗೆ ಐಸು ಇಡುತ್ತಾ ಕೂತಿದ್ದರು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಆದರೆ ಹೇಳದೆ ಐಸಿನ ಮೂಟೆ ಬಿಚ್ಚಿದೆ. ಉಳಿದಿದ್ದ ಐಸನ್ನು ಆ ಕುಟುಂಬದ ಮಕ್ಕಳು ಚೀಪಿದರು. ಏನಾಗುತ್ತದೋ ನೋಡಲೆಂದು ಹಿಂದೆಯೇ ಬಂದ ಸ್ಟ್ಯಾಂಡಿನ ಇನ್ನೊಂದು ಟ್ಯಾಕ್ಸಿ ಎರಡು ಟ್ರಿಪ್ಪಿನಲ್ಲಿ ಅವರನ್ನೆಲ್ಲ ಮೇಲೆ ಸಾಗಿಸಿತು. ನಮ್ಮವರು ಡಬ್ಬದ ಹಗ್ಗ ಬಿಚ್ಚುತ್ತಾ, "ಬುಡು, ಆಯ್ತು," ಎಂದರು, ಅಷ್ಟೇ.

ಮಾರನೆಯ ದಿನ ಸ್ಟ್ಯಾಂಡ್ ಹೋಯಿತು. ರೇಡಿಯೇಟರ್ ಬಿಚ್ಚಿಸಲು ಒಬ್ಬರೇ ಕುಣಿಗಲ್ಲಿನ ವರ್ಕ್‌ಶಾಪಿಗೆ ಹೋಗಿ ಬಂದರು. ಏನಂತೆ ಎಂದು ಅಳುಕುತ್ತಲೇ ಕೇಳಿದೆ. "ನೀರು ಗಡಸು ಅಂತೆ. ಬಾವಿ ನೀರು," ಎಂದು ಹೇಳಿ ಕಾಲು ತೊಳೆಯಲು ಹೋದರು. ಬದುಕಿದೆಯಾ ಬಡಜೀವವೇ ಎಂದುಕೊಂಡೆ. ಕಾರು ಮಾರಿದೆವು. ಅವರು ಪ್ರೈವೇಟ್ ಬಸ್ಸಿಗೆ ಡ್ರೈವರಾಗಿ ಸೇರಿ, ಗುಬ್ಬಿಗೂ ಚೇಳೂರಿಗೂ ಓಡಾಡಿ ಸೊಂಟ ಸವೆಸಿಕೊಂಡರು. ಯಾರದೋ ಗಾಡಿ, ಯಾರದೋ ಟೈಮು. ಅವರು ಗೋಡೆ ಹಿಡಿದು ಮೇಲೇಳುವುದನ್ನು ನೋಡಿದಾಗಲೆಲ್ಲ ಹೇಳಬೇಕೆಂದುಕೊಳ್ಳುತ್ತಿದ್ದೆ. ಇವತ್ತು ಬೇಡ, ನಾಳೆ. ಹೀಗೆ ಆರು ವರ್ಷ ಕಳೆಯಿತು.

ಆಮೇಲೊಂದು ಬೇಸಿಗೆಯಲ್ಲಿ ನನಗೆ ಜ್ವರ ಬಂದು ಬಾಯೆಲ್ಲ ಹುಣ್ಣಾಯಿತು. ಅವರು ಚೇಳೂರಿಂದ ಎಳನೀರು ತಂದು, ಕೆತ್ತಿ, ತಲೆ ಎತ್ತಿ ಹಿಡಿದು ಕುಡಿಸಿದರು. ಲೋಟ ಖಾಲಿಯಾದ ಮೇಲೆ ನನ್ನ ತುಟಿ ಒರೆಸುತ್ತಾ ಮೆಲ್ಲಗೆ ಹೇಳಿದರು:

"ಇದು ಮನುಷ್ಯರು ಕುಡಿಯೋದು ಕಣೇ."

"ಗೊತ್ತಿತ್ತಾ?" ಎಂದೆ.

"ಬೆಟ್ಟದ ಮ್ಯಾಲೇ ಗೊತ್ತಾಯ್ತು. ನಿನ್ ಮುಖ ನೋಡ್ದೆ."

ಅವರು ಕ್ಷಮಿಸಿದ್ದರು ಎಂದು ನೀವು ಹೇಳಬಹುದು. ನನಗೆ ಬಂದದ್ದು ಸಿಟ್ಟು. ಜ್ವರದಲ್ಲೇ ಎದ್ದು ಕೂತು, ಅವತ್ತೇ ಯಾಕೆ ಬೈಯಲಿಲ್ಲ, ನಾಲ್ಕು ಜನರ ಮುಂದೆ ಯಾಕೆ ಕೂಗಾಡಲಿಲ್ಲ ಎಂದು ಅತ್ತುಬಿಟ್ಟೆ. ಅವರು ಬೈದಿದ್ದರೆ ಆ ಬೆಟ್ಟದ ತಿರುವಿನಲ್ಲೇ ಮುಗಿಯುತ್ತಿತ್ತು. ಆರು ವರ್ಷ ನಾನೊಬ್ಬಳೇ ಹೊರುತ್ತಿದ್ದೇನೆ ಎಂದುಕೊಂಡಿದ್ದ ಭಾರವನ್ನು ಅವರೂ ಪಕ್ಕದಲ್ಲೇ ಮಲಗಿ, ಮಾತಿಲ್ಲದೆ ಹೊತ್ತಿದ್ದರು.