ನೀರಿನಲ್ಲಿ ಹುಟ್ಟಿದ ಕಲ್ಲು

ಭೂಗೋಳದ ಮಾಸ್ತರ ಎಡಗೆನ್ನೆಯ ಚರ್ಮದಡಿಯಲ್ಲಿ ಒಂದು ಕಲ್ಲಿನ ಚೂರು ಉಳಿದುಬಿಟ್ಟಿತ್ತು. ಹೆಸರುಕಾಳಿನಷ್ಟು ಗಾತ್ರ, ನೀಲಿ ಬಣ್ಣ. ಮಾತಾಡಿದರೆ ಅದೂ ಅಲುಗುತ್ತಿತ್ತು. ಗುಡ್ನಾಪುರದ ಕಡೆಯ ಅವರ ಊರಲ್ಲಿ, ಅವರು ಚಿಕ್ಕವರಿದ್ದಾಗ, ಮದುವೆಮನೆಯ ಒಲೆಗಲ್ಲು ಸಿಡಿದು ನೆಟ್ಟ ಚೂರಂತೆ. ಪಕ್ಕದಲ್ಲಿ ಕೂತಿದ್ದ ತಂಗಿ ಉಳಿಯಲಿಲ್ಲ. ಸಿಡಿಯುವ ಮೊದಲು ಕಲ್ಲು ಕೂಗುತ್ತದೆ, ಕೂಗಿದ ಮೇಲೆ ವೇಳೆ ಇರುವುದಿಲ್ಲ ಎಂದು ಒಮ್ಮೆ ಹೇಳಿದ್ದರು.

ರಾಜ್ಯ ಒಂದಾಗಿ ಒಂದೆರಡು ವರ್ಷವಾಗಿದ್ದ ಕಾಲ. ನಾನು ಶಿರಸಿಯ ಶಾಲೆಗೆ ಹೊಸದಾಗಿ ಸೇರಿದ ಅಕ್ಕೋರು, ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಮಾಸ್ತರ ಮೇಜಿನ ಮೇಲೆ ಸದಾ ಎರಡು ಕಲ್ಲು. ಒಂದು ಅಗ್ನಿಶಿಲೆ, ನಮ್ಮ ಕರಿಕಲ್ಲು. ಇನ್ನೊಂದು ಕೆಸರು, ಮರಳು ಪದರಪದರವಾಗಿ ಕೂತು ಗಟ್ಟಿಯಾದ ಜಲಜಶಿಲೆ. ಮಕ್ಕಳಿಂದ ಎರಡರ ಮೇಲೂ ನೀರು ಬಿಡಿಸುತ್ತಿದ್ದರು. ಕರಿಕಲ್ಲಿನ ಮೇಲೆ ಹನಿ ಹಾಗೇ ನಿಲ್ಲುತ್ತಿತ್ತು, ಪದರುಕಲ್ಲು ಕುಡಿದುಬಿಡುತ್ತಿತ್ತು.

"ಬೆಂಕ್ಯಾಗ ಹುಟ್ಟಿದ್ದು ಬೆಂಕಿಗೆ ಅಂಜೂದಿಲ್ಲ. ನೀರಾಗ ಹುಟ್ಟಿದ್ದನ್ನ ಒಲಿಗೆ ಹಚ್ಚಬ್ಯಾಡ್ರಿ" ಎಂಬುದು ಅವರ ಮಂತ್ರ. ಯಾರ ಮನೆಗೆ ಹೋದರೂ ಮೊದಲು ಒಲೆ ಇಣುಕುವುದು. ಇದೆಂಥ ಗೀಳಪ್ಪ ಎಂದು ನನಗೂ ಬೇಸರ ಬರುತ್ತಿತ್ತು.

ಆ ಕಾರ್ತಿಕದಲ್ಲಿ ಶಾಲೆಯವರೆಲ್ಲ ಭೈರುಂಬೆಯ ಹತ್ತಿರ ಶಾಲ್ಮಲೆಯ ದಂಡೆಗೆ ವನಭೋಜನಕ್ಕೆ ಹೋದೆವು. ನೈವೇದ್ಯದ ಒಲೆಗೆ ಯಾರೋ ಉರಿಸಿಬಿಟ್ಟ ಕಲ್ಲು ಆಗದು, ಮುಸುರೆ ತಾಗಿರುತ್ತದೆ. ಹರಿಯುವ ನೀರಿನಿಂದ ಆಗಲೇ ಎತ್ತಿದ ಕಲ್ಲೇ ಮಡಿ. ಅಡಿಗೆಯ ಭಟ್ಟರು ಅಲುಗಾಡದಂಥ ಚಪ್ಪಟೆ ಕಲ್ಲುಗಳನ್ನು ಹೊಳೆಯಿಂದ ತಂದು, ಹಂಡೆ ಇಟ್ಟು, ಉರಿ ಜೋರು ಮಾಡಿದರು. ಪಕ್ಕದಲ್ಲೇ ನಾನೂ ಹುಡುಗಿಯರೂ ಕಾಯಿ ತುರಿಯುತ್ತಿದ್ದೆವು.

ಮಾಸ್ತರು ನಮ್ಮ ಜಾತಿಯವರಲ್ಲ, ಮಡಿಯ ಒಲೆಯ ಹತ್ತಿರ ಬರುವ ಹಾಗಿರಲಿಲ್ಲ. ದೂರದಿಂದಲೇ ನೋಡಿದರು. ಅದು ಪದರುಕಲ್ಲು, ಹೊಟ್ಟೆ ತುಂಬ ನೀರು ಕುಡಿದಿದೆ, ಸಿಡಿಯುತ್ತದೆ, ಉರಿ ತೆಗೆಯಿರಿ ಎಂದು ಅಂಗಲಾಚಿದರು. ಭಟ್ಟರು ತಲೆ ಎತ್ತಲಿಲ್ಲ. ಪಾಠ ಶಾಲೆಯಲ್ಲಿ ಮಾಡಿ ಎಂದು ಹೆಡ್‌ಮಾಸ್ತರು ನಕ್ಕರು. ಅಷ್ಟರಲ್ಲಿ ಒಲೆಯೊಳಗಿಂದ ಸಣ್ಣಗೆ ಸಿಳ್ಳೆ ಹಾಕಿದ ಸದ್ದು ಬರತೊಡಗಿತು. ಹುಡುಗಿಯರಿಗೆ ಅದೊಂದು ತಮಾಷೆ. ಕೇಳಲು ಇನ್ನೂ ಹತ್ತಿರ ಸರಿದರು.

ಮಾಸ್ತರು ಓಡಿ ಬಂದವರೇ ಹಂಡೆಯ ಕಂಠವನ್ನು ಬರಿಗೈಯಲ್ಲಿ ಹಿಡಿದರು.

"ಮುಟ್ಟೀನಿ. ಮೈಲಿಗಿ ಆತು. ಎಲ್ಲಾರೂ ಏಳ್ರಿ" ಎಂದರು.

ಅಯ್ಯೋ, ಆಗ ಎದ್ದ ರಂಪವೇ! ಭಟ್ಟರು ಬೈಯುತ್ತ ಮತ್ತೆ ಮೀಯಲು ಹೊಳೆಯತ್ತ ಹೊರಟರು. ನಾವೆಲ್ಲ ದಡಬಡ ಎದ್ದು ದೂರ ಸರಿದೆವು. ಕಲ್ಲು ಸಿಡಿಯುತ್ತದೆ ಎಂದರೆ ಏಳದವರು ಮೈಲಿಗೆ ಎಂದ ಕೂಡಲೇ ಎದ್ದಿದ್ದೆವು. ಅವರು ಮಾತ್ರ ಬಗ್ಗಿ ಉರಿಯುವ ಕೊಳ್ಳಿಗಳನ್ನು ಎಳೆಯುತ್ತಿದ್ದರು. ಕೋವಿ ಹೊಡೆದಂಥ ಸದ್ದಾಯಿತು, ಕುದಿಯುವ ಹಂಡೆ ಅವರ ಮೇಲೆ ಮಗುಚಿತು. ನಾವು ಕೂತಿದ್ದ ಜಾಗದ ತುಂಬ ಕಲ್ಲಿನ ಚೂರುಗಳು ಹೊಗೆಯಾಡುತ್ತಿದ್ದವು.

ಆಸ್ಪತ್ರೆಗೆ ಒಯ್ಯುವಾಗ ಲಾರಿಯಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. "ಹುಡುಗ್ಯಾರು ಎಲ್ಲಾ ಅದಾರೇನ್ರಿ, ಅಕ್ಕೋರೆ?" ಎಂದು ಕೇಳಿದರು. ಎಲ್ಲರೂ ಇದ್ದಾರೆ ಎಂದೆ.

ಕೆಲವು ದಿನಗಳಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಸಾವಿನ ಸುದ್ದಿ ಕೇಳಿ ತಲೆಗೆ ನೀರು ಹಾಕಿಕೊಳ್ಳುವುದು ನಮ್ಮಲ್ಲಿ ಸ್ವಂತ ಬಳಗದವರು ಹೋದಾಗ ಮಾತ್ರ. ನಾನು ಬಾವಿಕಟ್ಟೆಗೆ ಹೋಗಿ ಕೊಡಗಟ್ಟಲೆ ಸುರಿದುಕೊಂಡೆ. ನನ್ನ ತಾಯಿ ಗಾಬರಿಯಿಂದ ಬಾಗಿಲಿಗೆ ಬಂದಳು.

"ಎಂತ ಆತೇ? ನಮ್ಮವು ಯಾರು ಹೋದ್ವೇ?"

"ಭೂಗೋಳದ ಮಾಸ್ತರು, ಆಯಿ. ನಮ್ಮವೇಯ."