ಸೊಣ್ಣಕ್ಕ ಹೇಳಿದ ಹೆಸರು

ಸೊಣ್ಣಮ್ಮ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಅವಳ ವಿಷಯ ಬರೆಯಬೇಕೆಂದರೆ ಆ ಒಂದು ಮಧ್ಯಾಹ್ನದ್ದೇ ಬರೆಯಬೇಕು. ಸಾವಿರದ ಒಂಬೈನೂರ ಐವತ್ತೆಂಟು, ಮಾಘ ಮಾಸ.

ಕೊಡಿಗೇಹಳ್ಳಿಯಿಂದ ಆಚೆಗೆ ನಮ್ಮದು ಹನ್ನೊಂದು ಮನೆಯ ಪಾಳ್ಯ. ಕತ್ತಾಳೆ ಕಡಿದು, ಬಾವಿ ತೋಡಿ, ಮೊದಲ ಮನೆ ಕಟ್ಟಿದವರು ನಮ್ಮ ಭಾವ, ಸೊಣ್ಣಕ್ಕನ ಗಂಡ. ಅದಕ್ಕೇ ಪಾಳ್ಯಕ್ಕೆ ಅವರ ಹೆಸರು. ಪಟೇಲರು ಮಾತ್ರ "ನಮ್ಮ ತೋಟ" ಅನ್ನುತ್ತಿದ್ದರು, ನಾವೆಲ್ಲ ತೋಟದ ಆಳುಗಳು ಅನ್ನುವ ಹಾಗೆ.

ಆ ದಿನ ಪಾಳ್ಯವೆಲ್ಲ ಚಿಕ್ಕಬಾಣಾವರಕ್ಕೆ ಮದುವೆಗೆ ಹೋಗಿತ್ತು. ಲಕ್ವ ಹೊಡೆದು ಮಾತು ನಿಂತಿದ್ದ ಭಾವನನ್ನು ನೋಡಿಕೊಳ್ಳಲು ನಾವಿಬ್ಬರೇ ಉಳಿದಿದ್ದೆವು. ಆಗ ನಕ್ಷೆ ಬರೆಯುವ ಸರ್ವೆಯವರು ಬಂದು ಬಾವಿಕಟ್ಟೆಯ ಪಕ್ಕ ಮೂರು ಕಾಲಿನ ಮೇಜು ನಿಲ್ಲಿಸಿದರು. ಸಾಹೇಬರ ಹೆಸರು ಖುದ್ದೂಸ್. ಜೊತೆಗೆ ಪಟೇಲರ ಕಡೆಯ ವೆಂಕಟರಾಮಯ್ಯ.

"ಪಟೇಲರ ತೋಟ ಅಂತ ಬರ್ಕೊಳ್ಳಿ ಸ್ವಾಮಿ" ಅಂದ ವೆಂಕಟರಾಮಯ್ಯ.

"ಇಲ್ಲಿ ಇರೋರು ಏನಂತಾರೋ ಅದೇ ಬರೀಬೇಕು" ಅಂದರು ಸಾಹೇಬರು. "ಇಬ್ಬರ ಬಾಯಲ್ಲಿ ಒಂದೇ ಹೆಸರು ಬರ್ಬೇಕು. ಆಮೇಲೆ ಅಮಲ್ದಾರರ ರುಜು. ಪಟ್ಟಿ ಡೆಹರಾಡೂನಿಗೆ ಹೋಗಿ ಅಚ್ಚಾದ್ರೆ ದೇಶಕ್ಕೆಲ್ಲ ಅದೇ ಹೆಸರು." ಸೊಣ್ಣಕ್ಕನ ಕಡೆ ತಿರುಗಿದರು. "ಈ ಪಾಳ್ಯದ ಹೆಸರೇನಮ್ಮಾ?"

ಅವಳು ಸೆರಗನ್ನು ಬಾಯಿಗೆ ಇಟ್ಟುಕೊಂಡಳು. ಗಂಡನ ಹೆಸರು ಬಾಯಲ್ಲಿ ತಂದರೆ ಅವರ ಆಯಸ್ಸು ಸವೆಯುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಭಾವನ ಹೆಸರು ನಾನೂ ಹೇಳುವ ಹಾಗಿಲ್ಲ. ಅವರೋ ಒಳಗೆ ಜೀವ ಹಿಡಿದುಕೊಂಡು ಮಲಗಿದ್ದರು.

"ಸಂಜೆ ಗಂಟ ಇರಿ ಸ್ವಾಮಿ, ಗಂಡಸ್ರು ಬತ್ತಾರೆ" ಅಂದೆ.

"ಆಗೋಲ್ಲಮ್ಮ. ಎರಡು ಗಂಟೆಗೆ ಡೇರೆ ಕೀಳ್ಬೇಕು."

ವೆಂಕಟರಾಮಯ್ಯ ನಕ್ಕ. "ಹೆಸರಿದ್ರಲ್ವೇ ಹೇಳೋಕೆ? ಆಳುಗಳಿಗೆ ಊರು ಎಲ್ಲಿಂದ ಬರ್ಬೇಕು!"

ಸಾಹೇಬರು ಪೆನ್ಸಿಲ್ ಚೂಪು ಮಾಡತೊಡಗಿದರು. ಒಳಗೆ ಭಾವ ಕೆಮ್ಮಿದರು. ಸೊಣ್ಣಕ್ಕ ಹೊಸಿಲ ತನಕ ಹೋಗಿ, ಅವರ ಮುಖ ನೋಡಿ, ತಿರುಗಿ ಬಂದಳು. ತಾಳಿ ಅವಳ ಮುಷ್ಟಿಯಲ್ಲಿತ್ತು.

"ಚಿಕ್ಕಬೈರಪ್ಪನ ಪಾಳ್ಯ" ಅಂದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅದೇ ಮೊದಲು.

"ಇನ್ನೊಬ್ಬರು?"

ಅವಳು ನನ್ನನ್ನು ನೋಡಿದಳು. "ನೀನೂ ಹೇಳೇ. ಆಗೋದಿದ್ರೆ ನನ್ ಬಾಯಿಂದ್ಲೇ ಆಗೋಯ್ತು, ಇನ್ನೇನು."

ನಾನೂ ಹೇಳಿದೆ. ಸಾಹೇಬರು ಬರೆದುಕೊಂಡರು.

ಅವರು ಹೋದ ಮೇಲೆ ಸೊಣ್ಣಕ್ಕ ಭಾವನ ಮೂಗಿನ ಹತ್ತಿರ ಬೆರಳು ಹಿಡಿದು ಕೂತಳು. ಮದುವೆಯ ಗಾಡಿಗಳು ಬಂದು ನಿಲ್ಲುವವರೆಗೂ ಬೆರಳು ತೆಗೆಯಲಿಲ್ಲ, ನೀರೂ ಕುಡಿಯಲಿಲ್ಲ.

ಭಾವ ಆಮೇಲೆ ನಾಲ್ಕು ವರ್ಷ ಎರಡು ತಿಂಗಳು ಇದ್ದರು. ಅವರು ಇರುವಾಗಲೇ ಅಚ್ಚಾದ ನಕ್ಷೆ ಶಾನುಭೋಗರ ಮನೆಗೆ ಬಂತು. ನಾವಿಬ್ಬರೂ ಹೋದೆವು.

"ಇದೆ ಕಣಮ್ಮ, ಓದ್ಲಾ?" ಅಂದರು ಶಾನುಭೋಗರು.

"ಬ್ಯಾಡಿ ಸ್ವಾಮಿ. ಎಲ್ಲೈತೆ ತೋರ್ಸಿ, ಸಾಕು" ಅಂದಳು ಸೊಣ್ಣಕ್ಕ. ಅವರು ತೋರಿಸಿದ ಕಡೆ ಅದೇ ಬೆರಳು ಇಟ್ಟಳು.